ಒರಗು ತ್ರಿಚಕ್ರ ಮೀಮಾಂಸೆ: ಮಾಸಿಕ 180 ರೂಪಾಯಿಯ ಬೆಳಕಿನಲ್ಲಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳೆಂದರೆ ವಿದ್ವಾಂಸರಿಗೆ ಅಡಿಕೆ, ಭತ್ತ, ಶಾಸನ, ಬರಗಾಲ ಇಷ್ಟೇ ನೆನಪಾಗುತ್ತವೆ. ಇಲ್ಲಿನ ನೌಕರನೊಬ್ಬ ಒರಗಿಕೊಂಡೇ ಕೆಲಸಕ್ಕೆ ಹೋಗಬಹುದೇ, ಹೋದರೆ ಖರ್ಚು ಯಾರದು ಎಂಬ ಮೂಲಭೂತ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. (ಕೆಲಸಕ್ಕೆ ಹೋದಮೇಲೆ ಒರಗುವ ಕುರಿತು ಮೌಖಿಕ ಪರಂಪರೆ ಸಮೃದ್ಧವಾಗಿದೆ. ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.)

ಮೊದಲು ಒರಗು ತ್ರಿಚಕ್ರದ ವಸ್ತುಲಕ್ಷಣ. ಮುಂದೆ ಎರಡು ಚಕ್ರ, ಹಿಂದೆ ಒಂದು. ಇದಕ್ಕೆ ವಿರುದ್ಧವಾಗಿ ಮುಂದೆ ಒಂದು, ಹಿಂದೆ ಎರಡು ಎನ್ನುವ ಪಂಥವೂ ಉಂಟು. ನಡುವೆ, ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿ, ಜಗಲಿಯ ಆರಾಮಕುರ್ಚಿಯಂಥ ಆಸನ. ಪೆಡಲು ಕಾಲಡಿಯಲ್ಲಿರದೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಚೈನಿನ ಉದ್ದ ಮಾಮೂಲಿ ಸೈಕಲ್ಲಿನ ಎರಡು ಮೂರು ಪಟ್ಟು. ಬ್ಯಾಲೆನ್ಸಿನ ಗೊಡವೆಯಿಲ್ಲ, ನಿಂತಾಗ ಕಾಲೂರಬೇಕಿಲ್ಲ. ನಮ್ಮಲ್ಲಿ ಮೂರು ತಲೆಮಾರು ಒಳಪೆಡಲು ಹೊಡೆದು, ಮೊಣಕಾಲು ಕೆತ್ತಿಸಿಕೊಂಡು ಗಳಿಸಿದ ವಿದ್ಯೆಯೆಲ್ಲ ಇದರ ಮುಂದೆ ವ್ಯರ್ಥ.

ಒರಗುವವರ ಮೇಲೆ ಕೂತವರಿಗಿರುವ ಹೊಟ್ಟೆಕಿಚ್ಚು ಇಂದಿನದಲ್ಲ. 1933ರಲ್ಲಿ ಫ್ರಾನ್ಸಿಸ್ ಫೌರ್ ಎಂಬ ಸಾಧಾರಣ ಸವಾರ, ಶಾರ್ಲ್ ಮೋಶೆ ತಯಾರಿಸಿದ ಒರಗು ಸೈಕಲ್ಲಿನಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಗಂಟೆಗೆ 45 ಕಿ.ಮೀ.ಗಿಂತ ತುಸು ಹೆಚ್ಚು ತುಳಿದ. ಅದರಿಂದ 1914ರಿಂದ ಅಲ್ಲಾಡದೆ ಕೂತಿದ್ದ ಆಸ್ಕರ್ ಎಗ್‌ನ ದಾಖಲೆ ಬಿತ್ತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಏನು ಮಾಡಿತು? ಇನ್ನೂ ಜೋರಾಗಿ ತುಳಿಯಿರಿ ಎಂದು ಕೂತವರಿಗೆ ಹೇಳಲಿಲ್ಲ. 1934ರ ಏಪ್ರಿಲ್ 1ರಂದು ಸೈಕಲ್ ಎಂದರೇನು ಎಂಬ ನಿಯಮವನ್ನೇ ತಿದ್ದಿ, ಒರಗಿದವರನ್ನು ಹೊರಗೆ ಹಾಕಿತು. ಕೆಲಸ ಬೇಗ ಮುಗಿಸಿದವನ ಮೇಲೆ ಸುತ್ತೋಲೆ ಹೊರಡಿಸುವ ಪದ್ಧತಿ ನಮ್ಮ ಕಚೇರಿಗಳಲ್ಲೇ ಹುಟ್ಟಿತು ಎಂಬ ಪ್ರಚಲಿತ ಮತ ಇಲ್ಲಿಗೆ ಬಿದ್ದುಹೋಯಿತು.

ಇನ್ನು ಖರ್ಚಿನ ಪ್ರಶ್ನೆ. ಬ್ರಿಟನ್ನಿನಲ್ಲಿ 1999ರಿಂದ ಒಂದು ಯೋಜನೆಯಿದೆ. ಧಣಿಯೇ ಸೈಕಲ್ ಕೊಂಡು ನೌಕರನಿಗೆ ಬಾಡಿಗೆಗೆ ಕೊಡುತ್ತಾನೆ. ಬಾಡಿಗೆ ತೆರಿಗೆಗೆ ಮುಂಚೆಯೇ ಸಂಬಳದಿಂದ ಕತ್ತರಿಸಿಹೋಗುವುದರಿಂದ ನೌಕರನಿಗೆ ಉಳಿತಾಯ. ಒರಗು ತ್ರಿಚಕ್ರಕ್ಕೂ ಅಡ್ಡಿಯಿಲ್ಲ. ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ಓದಿ ಬ್ರಿಟನ್ನಿನ ಆಸ್ಪತ್ರೆ ಸೇರಿದ ಡಾಕ್ಟರೊಬ್ಬರು ಮನಸ್ಸು ಮಾಡಿದರೆ ನಾಳೆಯೇ ಒರಗಬಹುದು. ಅವರ ಊರಿನ ಅಂಚೆಯಣ್ಣ ಒರಗಬಹುದೇ?

ಶಾಸ್ತ್ರಾಧಾರ ನೋಡೋಣ. ಕೇಂದ್ರ ಸರ್ಕಾರಿ ನೌಕರರಿಗೆ ಸೈಕಲ್ ಕೊಳ್ಳಲು ಬಡ್ಡಿಯಿಲ್ಲದ ಮುಂಗಡ ಸಿಗುತ್ತಿತ್ತು. ಏಳನೇ ವೇತನ ಆಯೋಗದ ಮಾತು ಕೇಳಿ 2016ರಲ್ಲಿ ಅದನ್ನು ರದ್ದು ಮಾಡಿದರು. ಅದೇ ಆಯೋಗ, ಸೈಕಲ್ ನಿರ್ವಹಣೆಗೆ ಕೊಡುತ್ತಿದ್ದ ತಿಂಗಳ 90 ರೂಪಾಯಿ ಭತ್ಯೆಯನ್ನೂ ತೆಗೆಯಿರಿ ಎಂದಿತ್ತು. ಆದರೆ 2017ರಲ್ಲಿ ಕೇಂದ್ರ ಸಂಪುಟ ಮನಸ್ಸು ಕರಗಿ, ಪೋಸ್ಟ್‌ಮ್ಯಾನ್‌ಗಳಿಗೂ ರೈಲ್ವೆ ಟ್ರ್ಯಾಕ್‌ಮನ್‌ಗಳಿಗೂ ಅದನ್ನು ಉಳಿಸಿ 180 ರೂಪಾಯಿ ಮಾಡಿತು. ಅಂದರೆ ಸೈಕಲ್ ಕೊಳ್ಳಲು ದುಡ್ಡಿಲ್ಲ, ಕೊಂಡ ಸೈಕಲ್ಲನ್ನು ಸಾಕಲು ಇಮ್ಮಡಿ ದುಡ್ಡು. ನಮ್ಮ ನಾಲ್ಕೂ ತಾಲೂಕು ಕೇಂದ್ರಗಳಿಗೆ ರೈಲು ಬಂದಿಲ್ಲವಾಗಿ ಟ್ರ್ಯಾಕ್‌ಮನ್ ಇಲ್ಲಿ ಅಪ್ರಸ್ತುತ. ಉಳಿದವನು ಅಂಚೆಯಣ್ಣ.

ಪರದೇಶದಿಂದ ತರಿಸಿದ ತ್ರಿಚಕ್ರಕ್ಕೆ ವಾದಕ್ಕಾಗಿ 3 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. 180ರ ಕಂತಿನಲ್ಲಿ ತೀರಲು ಸುಮಾರು 139 ವರ್ಷ ಬೇಕು. 18ಕ್ಕೆ ಸೇರಿ 60ಕ್ಕೆ ನಿವೃತ್ತನಾಗುವವನ ಕೈಯಲ್ಲಿ 42 ವರ್ಷ, ಅಂದರೆ 90,720 ರೂಪಾಯಿ. ಆದಕಾರಣ ಅಜ್ಜ, ಅಪ್ಪ, ಮಗ ಮೂವರೂ ಇದೇ ಹುದ್ದೆಯಲ್ಲಿ ಸವೆದು, ಮೊಮ್ಮಗನ ಸೇವಾವಧಿಯಲ್ಲಿ ಸಾಲ ಚುಕ್ತಾ ಆಗುತ್ತದೆ. ಹುದ್ದೆ ಮನೆತನದಲ್ಲೇ ಉಳಿಯಬೇಕಾದರೆ ಅನುಕಂಪದ ನೇಮಕಾತಿಯೊಂದೇ ದಾರಿ. ಅದಕ್ಕಾಗಿ ಪ್ರತಿ ತಲೆಮಾರಿನವರೂ ನಿವೃತ್ತಿಯ ಹಿಂದಿನ ದಿನ, ಕರ್ತವ್ಯದ ವೇಳೆಯಲ್ಲಿ, ತೀರಿಕೊಳ್ಳುವ ಶಿಸ್ತು ತೋರಬೇಕು.

ಪೂರ್ವಪಕ್ಷಿ ಕೇಳುತ್ತಾನೆ: ಅಂಚೆಯಣ್ಣ ಈಗ ಬೈಕಿನಲ್ಲೇ ಬರುತ್ತಾನಲ್ಲ? ಬರುತ್ತಾನೆ. 180 ರೂಪಾಯಿಗೆ ಪೆಟ್ರೋಲ್ ಎರಡು ಲೀಟರೂ ಬರುವುದಿಲ್ಲ ಎಂಬುದನ್ನು ಪೂರ್ವಪಕ್ಷಿ ಬಂಕಿನಲ್ಲಿ ನಿಂತು ಮನನ ಮಾಡಲಿ.

ನಾಲ್ಕೂ ತಾಲೂಕುಗಳಲ್ಲಿ ತ್ರಿಚಕ್ರ ಸಿಗದ ಕಾರಣ ಕ್ಷೇತ್ರಕಾರ್ಯಕ್ಕೆ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ನ್ಯಾಮತಿ ರಸ್ತೆಯ ಅಂಚಿನಲ್ಲಿ ಇಟ್ಟು, ಕಾಲು ಚಾಚಿ ಕೂರಲಾಯಿತು. ಆ ಎತ್ತರದಿಂದ ಸರ್ಕಾರಿ ಬಸ್ಸೆಂದರೆ ಟಯರು ಮತ್ತು ನಟ್ಟು ಬೋಲ್ಟು ಮಾತ್ರ. ಡ್ರೈವರು ಎಂಬುದು ಊಹೆ. ಬೀದಿನಾಯಿ ಎದುರಿಗೆ ಬಂದು ನಿಂತು ಸರಿಸಮಾನನೊಬ್ಬ ಸಿಕ್ಕನೆಂದು ಮುಖ ನೋಡಿತು. ಹಾದುಹೋದ ಅಜ್ಜನೊಬ್ಬ ಸೊಂಟ ಬಗ್ಗಿಸಿ ವಿಚಾರಿಸಿದ: “ಯಾವ ಎಂಎಲ್‌ಎ ಕೊಟ್ಟಿದ್ದಪ್ಪಾ? ಅರ್ಜಿ ಎಲ್ಲಿ ಕೊಡಬೇಕು?” ಮೂರು ಚಕ್ರದ ಬಂಡಿ ಎಂದರೆ ವೇದಿಕೆ, ಹಾರ, ಫೋಟೊ ಸಹಿತ ವಿತರಣೆಯಾಗುವುದು ಎಂಬ ಜನಜ್ಞಾನ ಇಲ್ಲಿ ಗಮನಾರ್ಹ. ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಬಂದ ಸೈಕಲ್ ಇನ್ನೂ ಇದೆ ಎಂದೂ ಆತ ಹೇಳಿದ. 2006-07ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಆ ಯೋಜನೆಯ ಸೈಕಲ್ಲಿಗೆ ಈಗ ಹಾಲಿನ ಕ್ಯಾನು ಜೋತುಬಿದ್ದಿದೆ, ಮಗಳು ಗಂಡನ ಮನೆಯಲ್ಲಿದ್ದಾಳೆ. ಉದ್ಯೋಗಕ್ಕೆ ಹೋಗುವ ಸೈಕಲ್ ಯೋಜನೆ ಈ ಸೀಮೆಯಲ್ಲಿ ಸಫಲವಾಗಿದ್ದರೆ ಅದು ಇದೊಂದೇ, ಅದೂ ಶಿಕ್ಷಣ ಇಲಾಖೆಯಿಂದ.

ತಾಲೂಕುವಾರು ಫಲಿತಾಂಶ ಸಂಕ್ಷಿಪ್ತವಾಗಿ ಹೀಗಿದೆ. ಹೊನ್ನಾಳಿಯ ನಾಲೆ ಏರಿಗಳು ಸಮತಟ್ಟು, ತ್ರಿಚಕ್ರಕ್ಕೆ ಪ್ರಶಸ್ತ. ಎದುರಿಗೆ ಭತ್ತದ ಹುಲ್ಲಿನ ಟ್ರ್ಯಾಕ್ಟರ್ ಬರುವವರೆಗೆ. 2018ರಲ್ಲಿ ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯಲ್ಲಿ ಮೆಕ್ಕೆಜೋಳವನ್ನು ರಸ್ತೆ ಮೇಲೆಯೇ ಒಣಹಾಕುತ್ತಾರೆ. ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರನಿಗೆ ಧಾರಣೆ ಏರಿದ ವರ್ಷ ತ್ರಿಚಕ್ರ ಯಾಕೆ, ಕಾರೇ ಬರುತ್ತದೆ. ಗಾಳಿಗೆ ಎದುರಾಗಿ ತುಳಿಯುವಾಗ ತಗ್ಗಿದ ದೇಹಕ್ಕೆ ತಡೆ ಕಡಿಮೆ, ಹಾಗಾಗಿ ಆಷಾಢದ ಜಗಳೂರೇ ಇದಕ್ಕೆ ಸರಿಯಾದ ಜಾಗ. ಅಲ್ಲಿನ ರಂಗಯ್ಯನದುರ್ಗದ ಕಾಡಿನ ಕೊಂಡುಕುರಿಯ ಭುಜದ ಎತ್ತರ ಸುಮಾರು ಎರಡಡಿ. ಅದು ಯಾರ ಕಣ್ಣಿಗೂ ಸುಲಭಕ್ಕೆ ಬೀಳದ ಪ್ರಾಣಿ. ಒಂದಡಿ ಎತ್ತರದ ಆಸನದ ಸವಾರ ಲಾರಿ ಡ್ರೈವರಿನ ಕಣ್ಣಿಗೆ ಬಿದ್ದಾನೆಯೇ? ಪರದೇಶದವರು ಇದಕ್ಕೆಂದೇ ಕಂಬಕ್ಕೆ ಬಾವುಟ ಕಟ್ಟುತ್ತಾರೆ. ನಮ್ಮಲ್ಲಿ ಕಟ್ಟಿದರೆ ಯಾವ ಪಕ್ಷದ್ದು ಎಂಬ ಉಪಪ್ರಶ್ನೆ ಏಳುತ್ತದೆ.

ಇಷ್ಟೆಲ್ಲ ದಾಟಿದರೂ ಕೊನೆಯ ಪ್ರಮೇಯ ಉಳಿಯುತ್ತದೆ: ಪತ್ರಿಕೆಗಳು ‘ಅವೈಜ್ಞಾನಿಕ ಹಂಪ್’ ಎಂದು ಬರೆಯುವ ವಸ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ನಮ್ಮೂರುಗಳ ಹಂಪಿಗೆ ಎತ್ತರವಿದೆ, ಅಗಲವಿಲ್ಲ. ತ್ರಿಚಕ್ರದ ಹೊಟ್ಟೆ ನೆಲದಿಂದ ನಾಲ್ಕೈದು ಅಂಗುಲ ಮೇಲಿರುತ್ತದೆ ಅಷ್ಟೆ. ಮುಂದಿನ ಚಕ್ರಗಳು ಆಚೆ, ಹಿಂದಿನದು ಈಚೆ, ಸವಾರ ಹಂಪಿನ ಮೇಲೆ.

ಆದ್ದರಿಂದ ಓದುಗರಲ್ಲಿ ವಿನಂತಿ: ನಿಮ್ಮೂರಿನ ಹಂಪನ್ನು ಒಂದು ಟೇಪು ಹಿಡಿದು ಅಳೆಯಿರಿ, 10 ಸೆಂ.ಮೀ. ದಾಟಿದ್ದರೆ ಲೋಕೋಪಯೋಗಿ ಇಲಾಖೆಗೆ ಅರ್ಜಿ ಬರೆಯಿರಿ. ತ್ರಿಚಕ್ರ ಬಾರದಿದ್ದರೂ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಅಜ್ಜನ ಸೊಂಟ ಉಳಿದೀತು.