ಮತ್ತೆ ಬಿತ್ತು

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದರಲ್ಲಿ ಎರಡು ಜಾತಿ. ಒಂದು ಊರಿಗೆಲ್ಲ ಹೋಗುವುದು, ಇನ್ನೊಂದು ನಮ್ಮ ಮನೆಗೆ ಮಾತ್ರ ಹೋಗುವುದು. ಎರಡರಲ್ಲೂ ಕತ್ತಲೆ ಒಂದೇ, ಸಂಕಟ ಮಾತ್ರ ಬೇರೆ. ಫ್ಯಾನು ನಿಂತ ಕೂಡಲೇ ಯಾರೂ ಮೊದಲು ಟಾರ್ಚು ಹುಡುಕುವುದಿಲ್ಲ. ಕಿಟಕಿಗೆ ಹೋಗಿ ಪಕ್ಕದ ಮನೆ ನೋಡುತ್ತಾರೆ. ಅಲ್ಲೂ ಕತ್ತಲೆಯಿದ್ದರೆ ‘ಓ, ಲೈನೇ ಹೋಗಿದೆ’ ಎಂದು ಹಾಯಾಗಿ ಕೂರಬಹುದು. ಎಲ್ಲೋ ಹಲಸಿನ ಕೊಂಬೆ ತಂತಿಯ ಮೇಲೆ ಬಿದ್ದಿರುತ್ತದೆ, ಲೈನ್‌ಮನ್ನು ರೇನ್‌ಕೋಟು ತೊಟ್ಟು ಹೊರಟಿರುತ್ತಾನೆ, ನಮ್ಮದೇನೂ ಜವಾಬ್ದಾರಿಯಿಲ್ಲ. ಆದರೆ ಪಕ್ಕದ ಮನೆಯ ಜಗುಲಿಯಲ್ಲಿ ದೀಪ ಉರಿಯುತ್ತಿದ್ದು, ಅವರ ಟೀವಿಯಲ್ಲಿ ಧಾರಾವಾಹಿಯ ಅತ್ತೆ ಕೂಗಾಡುವುದೂ ಕೇಳಿಸಿದರೆ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಗುತ್ತದೆ.

ಸಾಗರದ ಕಡೆಯವರಾದ ನಮಗೆ ಮೊದಲನೇ ಜಾತಿಯ ಕತ್ತಲೆ ಅಭ್ಯಾಸವಾಗಿದೆ. ಜೋಗದಲ್ಲಿ 1948ರಲ್ಲೇ ವಿದ್ಯುತ್ ತಯಾರಾಗತೊಡಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರೂರೇ ಮುಳುಗಿದವು, ಶರಾವತಿ ವಿದ್ಯುದಾಗಾರ 1035 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ದೀಪದ ಬುಡ ಕತ್ತಲು ಎಂಬ ಗಾದೆಯನ್ನು ಮಾಡಿದವರು ಲಿಂಗನಮಕ್ಕಿಯನ್ನು ನೋಡದೆಯೇ ಹೇಗೆ ಮಾಡಿದರೋ! ಆಷಾಢದಲ್ಲಿ ಎರಡು ದಿನ ಲೈನಿಲ್ಲದಿದ್ದರೆ ನಾವು ಅದನ್ನು ಸುದ್ದಿ ಎಂದೇ ಎಣಿಸುವುದಿಲ್ಲ.

ಈ ಸಲದ ಮಳೆಗಾಲದಲ್ಲಿ ನಮಗೆ ಒದಗಿದ್ದು ಎರಡನೇ ಜಾತಿಯದು. ಜಗುಲಿಯ ಬಾಗಿಲ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಲಾಗಿ ಕುಳಿತ ಎಂಸಿಬಿಗಳು, ಅವುಗಳ ತಲೆಯಾಳಾಗಿ ಎರಡು ಪಾಲು ಅಗಲದ ಆರ್‌ಸಿಸಿಬಿ. ಬೀಳುತ್ತಿದ್ದುದು ಈ ತಲೆಯಾಳು. ‘ಟಕ್’ ಎನ್ನುವ ಸದ್ದು, ಹಿಂದೆಯೇ ಒಳಗಿಂದ ಯಾರಾದರೊಬ್ಬರ ‘ಮತ್ತೆ ಬಿತ್ತು!’ ಸನ್ನೆ ಎತ್ತಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಇಲ್ಲವೇ ಕೈ ಬಿಡುವ ಮೊದಲೇ ಬೀಳುತ್ತದೆ.

ಇಂಥ ಹೊತ್ತಿನಲ್ಲಿ ಮನೆಯವರ ಒಳಮನಸ್ಸು ಹೊರಗೆ ಬರುತ್ತದೆ. ಅಮ್ಮನಿಗೆ ಸೊಸೆಯ ತವರಿನಿಂದ ಬಂದ ಮಿಕ್ಸಿಯ ಮೇಲೆ ಅನುಮಾನ. ಸೊಸೆಗೆ ಅಮ್ಮ ಬಿಡಲೊಲ್ಲದ ಹಳೇ ಇಸ್ತ್ರಿಪೆಟ್ಟಿಗೆಯ ಮೇಲೆ. ಮಗನ ಪ್ರಕಾರ ಇಡೀ ವೈರಿಂಗೇ ಔಟ್‌ಡೇಟೆಡ್. ನೆಂಟರೊಬ್ಬರು ಫೋನಿನಲ್ಲೇ ಎಲ್ಲ ಕೇಳಿ, ಮನೆಯ ಆಗ್ನೇಯ ದಿಕ್ಕಿನಲ್ಲಿ ಏನಿದೆ ಎಂದು ವಿಚಾರಿಸಿದರು. ಆಗ್ನೇಯದಲ್ಲಿ ಬಚ್ಚಲಿತ್ತು, ಬಚ್ಚಲಲ್ಲಿ ಗೀಸರ್ ಇತ್ತು. ಅಲ್ಲಿಂದ ಎಲ್ಲರ ಕಣ್ಣೂ ಗೀಸರಿನ ಮೇಲೆ.

ನಮ್ಮಪ್ಪನ ಕಾಲದಲ್ಲಿ ಈ ರಗಳೆಯೇ ಇರಲಿಲ್ಲ. ಇದ್ದದ್ದು ಫ್ಯೂಸು. ಬಿಳೀ ಪಿಂಗಾಣಿಯ ಕಟ್‌ಔಟು, ಅದರ ಎರಡು ತಿರುಪುಗಳ ನಡುವೆ ಎಳೆದು ಕಟ್ಟಿದ ಕೂದಲೆಳೆಯ ತಂತಿ. ರಟ್ಟಿಗೆ ಸುತ್ತಿದ ಫ್ಯೂಸ್ ವೈರನ್ನು ಅಪ್ಪ ಪಂಚಾಂಗದ ಜೊತೆಗೇ ಇಡುತ್ತಿದ್ದರು. ಎರಡೂ ಅವರ ಕೈಗೆ ಮಾತ್ರ ಸಿಗಬೇಕಾದ ವಸ್ತುಗಳು. ಫ್ಯೂಸು ಹೋದ ರಾತ್ರಿ ಒಬ್ಬರು ಟಾರ್ಚು ಹಿಡಿಯಬೇಕು, ಒಬ್ಬರು ಮೆಟ್ಟಿಲು ಹಿಡಿಯಬೇಕು, ಉಳಿದವರು ಮಾತಾಡಕೂಡದು. ದೀಪ ಬಂದಾಗ ಅಪ್ಪನ ಮುಖ ನೋಡಬೇಕಿತ್ತು; ಶರಾವತಿಯನ್ನು ಅವರೇ ತಿರುಗಿಸಿಕೊಂಡು ಬಂದಿದ್ದರೇನೋ! ಪದೇ ಪದೇ ಹೋಗತೊಡಗಿದರೆ ಅವರ ಬಳಿ ಶಾಶ್ವತ ಪರಿಹಾರವೂ ಇತ್ತು: ದಪ್ಪನೆಯ ತಾಮ್ರದ ತಂತಿ. ಅದನ್ನು ಕಟ್ಟಿದ ಮೇಲೆ ಫ್ಯೂಸು ಹೋಗಲಿಲ್ಲ. ಅದರ ಬದಲು ಅಟ್ಟದ ಮೇಲಿನ ಮರದ ಪಟ್ಟಿ ವೈರಿನುದ್ದಕ್ಕೂ ಕಪ್ಪಾಯಿತು. ಆ ಮನೆ ಹೊತ್ತಿಕೊಳ್ಳದೆ ಉಳಿದದ್ದು ಕುಲದೇವರ ದಯೆ ಎಂದು ಅಮ್ಮ ಈಗಲೂ ಹೇಳುತ್ತಾರೆ. ವಿಜ್ಞಾನದ ಪ್ರಕಾರ ನೋಡಿದರೂ ಬೇರೆ ಕಾರಣ ಸಿಗುವುದಿಲ್ಲ.

ಎಂಸಿಬಿ ಬಂದು ಅಪ್ಪಂದಿರ ಈ ಅಧಿಕಾರವನ್ನು ಕಿತ್ತುಕೊಂಡಿತು. ಜರ್ಮನಿಯ ಮಾನ್‌ಹೈಮ್ ನಗರದ ಹ್ಯೂಗೋ ಸ್ಟಾಟ್ಸ್ ಎಂಬವರ ಕಂಪನಿ 1924ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು. ಒಳಗೆ ಎರಡು ಉಪಾಯಗಳಿವೆ. ಎರಡು ಲೋಹ ಬೆಸೆದ ಪಟ್ಟಿಯೊಂದು, ಹೊರೆ ಹೆಚ್ಚಾದರೆ ನಿಧಾನವಾಗಿ ಕಾದು ಬಾಗಿ ಕೊಂಡಿ ಕಳಚುತ್ತದೆ. ತಂತಿಗೆ ತಂತಿ ತಗುಲಿ ಶಾರ್ಟ್ ಆದರೆ ಪಕ್ಕದ ಸುರುಳಿ ಅಯಸ್ಕಾಂತವಾಗಿ ಕಣ್ಣು ಮಿಟುಕಿಸುವುದರೊಳಗೆ ಎಳೆದು ಬೀಳಿಸುತ್ತದೆ. ಬಿದ್ದ ಸನ್ನೆಯನ್ನು ಬೆರಳಿನಿಂದ ಮೇಲಕ್ಕೊತ್ತಿ ಹಿಡಿದುಕೊಳ್ಳುವ ಶೂರರಿದ್ದಾರೆ, ಟೇಪು ಸುತ್ತುವವರೂ ಇದ್ದಾರೆ. ಸ್ಟಾಟ್ಸರ ಪರಂಪರೆಯವರು ಇಂಥವರನ್ನೂ ಊಹಿಸಿದ್ದರು. ಸನ್ನೆ ಮೇಲಿದ್ದರೂ ಒಳಗಿನ ಕೊಂಡಿ ಕಳಚಿಯೇ ಕಳಚುತ್ತದೆ.

ನಮ್ಮಲ್ಲಿ ಬೀಳುತ್ತಿದ್ದ ಆರ್‌ಸಿಸಿಬಿಯ ಕಸುಬು ಬೇರೆ. ಅದು ಮದುವೆಮನೆಯ ಉಗ್ರಾಣಿ. ಎಷ್ಟು ಪಾತ್ರೆ ಹೊರಗೆ ಹೋಯಿತು, ಎಷ್ಟು ವಾಪಸು ಬಂತು ಎಂದು ಎಣಿಸುತ್ತಾ ಕೂತಿರುತ್ತದೆ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಮರಳಬೇಕು. 30 ಮಿಲಿಆಂಪಿಯರಿನಷ್ಟು ಕಡಿಮೆಯಾದರೂ ಉಗ್ರಾಣದ ಬಾಗಿಲು ಮುಚ್ಚಿಬಿಡುತ್ತದೆ. 2 ಕಿಲೋವಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 30 ಮಿಲಿಆಂಪಿಯರ್ ಎಂದರೆ ಅದರ ಮುನ್ನೂರರಲ್ಲಿ ಒಂದು ಪಾಲು. ಇಷ್ಟು ಜುಜುಬಿಗೆ ಇಷ್ಟು ರಂಪ ಯಾಕೆ ಅಂದರೆ, ಆ ಕಳೆದುಹೋದದ್ದು ಯಾರದಾದರೂ ಮೈಮೂಲಕ ನೆಲಕ್ಕೆ ಇಳಿಯುತ್ತಿರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್‌ಝೀಲ್ ಎಂಬ ಪ್ರೊಫೆಸರು, ಒಪ್ಪಿ ಮುಂದೆ ಬಂದವರ ಕೈಗೆ ತಂತಿ ಕೊಟ್ಟು, ಎಷ್ಟು ಕರೆಂಟಿಗೆ ಬಿಡಿಸಿಕೊಳ್ಳಲಾಗದೆ ಅಂಟಿಕೊಳ್ಳುತ್ತಾರೆ ಎಂದು ಅಳೆದರು. ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ 10.5. ಆ ಒಪ್ಪಿ ಬಂದವರಿಗೆ ಮನೆಯಲ್ಲಿ ಏನೆಂದರೋ ಎಂಬ ಕುತೂಹಲ ನನಗೆ ಉಳಿದೇ ಇದೆ.

ಎಲೆಕ್ಟ್ರಿಷಿಯನ್ ಬಂದ. ಡಬ್ಬಿ ಬಿಚ್ಚಿದವನೇ ‘ಯಾರ್ರೀ ಇದನ್ನ ಮಾಡಿದ್ದು?’ ಎಂದ. ಈ ಮಾತಿಲ್ಲದೆ ಯಾವ ಎಲೆಕ್ಟ್ರಿಷಿಯನ್ನೂ ಕೆಲಸಕ್ಕೆ ತೊಡಗುವುದನ್ನು ನಾನು ಕಂಡಿಲ್ಲ. ತಾನೇ ಮಾಡಿದ್ದನ್ನು ಮರೆತು ಕೇಳಿದವರೂ ಇದ್ದಾರೆ. ಎಲ್ಲ ಎಂಸಿಬಿಗಳನ್ನೂ ಇಳಿಸಿದ, ಗೀಸರಿನದೊಂದನ್ನೇ ಎತ್ತಿದ. ಟಕ್. ಇನ್ನೇನು ಸಾಕ್ಷಿ ಬೇಕು? ಕಾಯಿಲ್ ಲೀಕಾಗಿದೆ ಎಂದ, ಹೊಸ ಕಾಯಿಲ್ ಹಾಕಿದ, ದುಡ್ಡು ಇಸಿದುಕೊಂಡು ಹೋದ. ಅದೇ ವಾರ ಮಳೆ ಸ್ವಲ್ಪ ಹೊಳವಾಗಿತ್ತು, ಎಲ್ಲ ಸರಿಹೋಯಿತು. ಮತ್ತೆ ಗಾಳಿಮಳೆ ಹಿಡಿಯಿತು, ಬೆಳಿಗ್ಗೆ ಸ್ನಾನದ ಹೊತ್ತಿಗೆ ಸರಿಯಾಗಿ ‘ಮತ್ತೆ ಬಿತ್ತು!’ ಅಮ್ಮ ಬಚ್ಚಲೊಲೆಗೆ ಸೌದೆ ಒಟ್ಟಿದರು. ಹಂಡೆಯ ನೀರು ಟ್ರಿಪ್ ಆಗುವುದಿಲ್ಲ ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಸಿದರು ಅಷ್ಟೆ.

ಪಕ್ಕದ ಮನೆಯವರು, ಎಂದರೆ ಆ ಉರಿಯುವ ಜಗುಲಿ ದೀಪದವರು, ಉಪಾಯ ಹೇಳಿದರು. ‘ಅದನ್ನ ಬೈಪಾಸ್ ಮಾಡ್ಸಿಬಿಡಿ. ನಾವು ಯಾವಾಗ್ಲೋ ಮಾಡ್ಸಿದ್ವಿ. ಆಮೇಲೆ ಒಂದು ಸಲಾನೂ ಬಿದ್ದಿಲ್ಲ.’ ಕಾವಲುಗಾರನನ್ನು ಮನೆಗೆ ಕಳಿಸಿದ ಮೇಲೆ ಅವನು ಕೂಗುವುದಾದರೂ ಹೇಗೆ? ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಪಂಪು, ಗ್ರೈಂಡರು, ಗೀಸರು ಮುಟ್ಟುವ ನಾಡಿನಲ್ಲಿ ಇದಕ್ಕಿಂತ ಕೆಟ್ಟ ಸಲಹೆ ಇರಲಾರದು. ಆದರೆ ಇದೇ ಸಲಹೆ ಅತಿ ಹೆಚ್ಚು ಜನರಿಂದ, ಅತಿ ಪ್ರೀತಿಯಿಂದ ಬರುತ್ತದೆ.

ಕೊನೆಗೆ ಐಟಿಐ ಮುಗಿಸಿ ಊರಿಗೆ ಬಂದಿದ್ದ ಹುಡುಗನೊಬ್ಬ ಸಿಕ್ಕಿದ. ಯಾರು ಮಾಡಿದ್ದೆಂದು ಕೇಳದ ಮೊದಲ ಎಲೆಕ್ಟ್ರಿಷಿಯನ್. ‘ಎಂಸಿಬಿ ಇಳಿಸಿದ್ರೆ ಫೇಸ್ ಮಾತ್ರ ಕಟ್ ಆಗೋದು, ನ್ಯೂಟ್ರಲ್ ಹಂಗೇ ಇರ್ತದೆ’ ಎಂದು ನ್ಯೂಟ್ರಲ್ ಪಟ್ಟಿಯ ವೈರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದ. ಯಾವುದೋ ಒಂದನ್ನು ಬಿಚ್ಚಿದ ಮೇಲೆ ಗೀಸರ್ ಹಾಕಿದರೂ ಆರ್‌ಸಿಸಿಬಿ ಕದಲಲಿಲ್ಲ. ಆ ವೈರಿನ ಜಾಡು ಹಿಡಿದು ಹೊರಟರೆ ತುಳಸಿಕಟ್ಟೆಯ ಹತ್ತಿರದ ದೀಪದ ಕಂಬಕ್ಕೆ ಮುಟ್ಟಿದೆವು.

ಅದು ಯಾವಾಗಲೋ ಒಂದು ಮದುವೆಗೆಂದು ನೆಟ್ಟ ಕಬ್ಬಿಣದ ಪೈಪು. ಬಲ್ಬು ಸುಟ್ಟು ವರ್ಷಗಳಾಗಿದ್ದವು, ಅದರ ಸ್ವಿಚ್ಚು ಯಾವುದೆಂಬುದೇ ಮರೆತುಹೋಗಿತ್ತು. ಹೋಲ್ಡರಿನೊಳಗೆ ಇರುವೆಗಳು ಕೆಮ್ಮಣ್ಣು ತುಂಬಿ, ನಡುವೆ ಬಿಳೀ ಮೊಟ್ಟೆ ಇಟ್ಟು ಸಂಸಾರ ಹೂಡಿದ್ದವು. ಆದರೆ ತಪ್ಪು ಅವುಗಳದೂ ಅಲ್ಲ. ಪೈಪಿನ ಬಾಯಿಯ ಹರಿತವಾದ ಅಂಚಿಗೆ ವೈರು ಗಾಳಿಗೆ ತಿಕ್ಕಿ ತಿಕ್ಕಿ, ಕಪ್ಪು ಕವಚ ಹರಿದು, ಹಸಿರುಗಟ್ಟಿದ ತಾಮ್ರ ತುಕ್ಕಿಗೆ ತಾಗಿಕೊಂಡಿತ್ತು. ಬೇಸಿಗೆಯಲ್ಲಿ ನೆಲ ಒಣಗಿರುವುದರಿಂದ ಅಲ್ಲಿ ಹರಿಯುವುದು ಅಷ್ಟಕ್ಕಷ್ಟೆ. ಮಳೆ ನೆನೆದ ನೆಲಕ್ಕೆ ಪೈಪು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಗೀಸರಿನ ದೊಡ್ಡ ಕರೆಂಟು ನ್ಯೂಟ್ರಲ್ಲಿನಲ್ಲಿ ಮರಳುವಾಗ ಒಂದಿಷ್ಟು ಕವಲೊಡೆದು ಈ ಪೈಪಿನಿಂದ ನೆಲಕ್ಕೆ ಇಳಿದುಬಿಡುತ್ತಿತ್ತು. ಸ್ವಿಚ್ಚು ಹಾಕದ, ಬಲ್ಬಿಲ್ಲದ, ಯಾರಿಗೂ ನೆನಪಿರದ ದೀಪ ಮನೆಯನ್ನೆಲ್ಲ ಕತ್ತಲೆ ಮಾಡುತ್ತಿತ್ತು. ಗೀಸರ್ ಶುದ್ಧ ನಿರಪರಾಧಿ. ಕಿತ್ತ ಹಳೇ ಕಾಯಿಲನ್ನು ಮೀಟರಿಟ್ಟು ನೋಡಿ ಹುಡುಗ ‘ಇದು ಚೆನ್ನಾಗೇ ಇದೆಯಲ್ಲ’ ಎಂದ. ನನ್ನಾಕೆ ಅದನ್ನು ಒರೆಸಿ ಅಟ್ಟಕ್ಕೆ ಸೇರಿಸಿದಳು.

ಹೋಗುವಾಗ ಹುಡುಗ ಆರ್‌ಸಿಸಿಬಿಯ ಮೇಲಿನ ‘ಟಿ’ ಎಂದು ಬರೆದ ಪುಟ್ಟ ಗುಂಡಿ ತೋರಿಸಿ, ಆಗಾಗ ಒತ್ತಿ ನೋಡಬೇಕು, ಒತ್ತಿದಾಗ ಬಿದ್ದರೆ ಆರೋಗ್ಯವಾಗಿದೆ ಎಂದರ್ಥ ಎಂದ. ತಿಂಗಳಿಗೊಮ್ಮೆ ಒತ್ತುವುದೆಂದು ಮನೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು. ಯಾವ ಹೊತ್ತಿಗೆ ಎನ್ನುವುದು ಮಾತ್ರ ಇತ್ಯರ್ಥವಾಗಿಲ್ಲ. ಸಂಜೆ ಬೇಡ, ಧಾರಾವಾಹಿ ಇದೆ ಎಂದು ಅಮ್ಮ. ಬೆಳಿಗ್ಗೆ ದೋಸೆಹಿಟ್ಟು ಅರ್ಧಕ್ಕೆ ನಿಲ್ಲಬಾರದು ಎಂದು ನನ್ನಾಕೆ. ಹಗಲೆಲ್ಲ ಮಗನ ಬೆಂಗಳೂರಿನ ಆಫೀಸು ಈ ಮನೆಯ ವೈಫೈಯಲ್ಲೇ ನಡೆಯುತ್ತದೆ. ಹೀಗಾಗಿ ಎಲ್ಲರಿಗೂ ಒಪ್ಪಿಗೆಯಾಗುವ ಹೊತ್ತೆಂದರೆ ಊರಿಗೆಲ್ಲ ಲೈನು ಹೋಗಿರುವ ಹೊತ್ತು. ಆಗ ಹೋಗಿ ಒತ್ತುತ್ತೇನೆ. ಕರೆಂಟು ಇಲ್ಲದಾಗ ಆ ಗುಂಡಿ ಕೆಲಸ ಮಾಡುವುದಿಲ್ಲ.