ಆರನೆಯ ಸುರಂಗ

ಸುರಂಗ ಕೊರೆದು ನೀರು ತಂದ ರೈತ ಅಮೈ ಮಹಾಲಿಂಗ ನಾಯ್ಕರ ಕಥೆ ನಿಮಗೆ ಹೊಸತಲ್ಲ, ಬಿಡಿ. ಕೇಪು ಗ್ರಾಮದ ಬೋಳುಗುಡ್ಡ, ಸುರಂಗದ ನೀರು, 2022ರ ಪದ್ಮಶ್ರೀ ಎಲ್ಲ ಪೇಪರಿನಲ್ಲಿ ಬಂದದ್ದೇ. ನನಗೆ ಮಾತ್ರ ನೀರು ಸಿಕ್ಕಿದ ಆರನೆಯ ಸುರಂಗಕ್ಕಿಂತ ಸಿಗದ ಆ ಮೊದಲ ಐದರ ಮೇಲೇ ಮನಸ್ಸು ಮಾರಾಯ್ರೆ.

ನೋಡಿ, ಹಗಲು ಕಂಡವರ ತೋಟದಲ್ಲಿ ಅಡಿಕೆ ಮರ, ತೆಂಗಿನ ಮರ ಹತ್ತುವ ಕೂಲಿ. ಅದು ಮುಗಿದ ಮೇಲೆ, 1978ರಲ್ಲಿ ಧಣಿಗಳು ಕೊಟ್ಟ ಎರಡು ಎಕರೆಗೆ ಬಂದು ಒಬ್ಬರೇ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆಯುವುದು. ಒಂದು ಕೊರೆದರು, ಒಣ. ಎರಡನೆಯದೂ ಒಣ. ಹೀಗೇ ಐದು! ತಲೆ ಕೆಟ್ಟಿದೆ ಅಂತ ಜನ ಆಡಿಕೊಂಡರಂತೆ. ಆರನೆಯದಕ್ಕೆ ಹಾರೆ ಎತ್ತಲು ಯಾವ ಗುಂಡಿಗೆ ಬೇಕು, ಅಲ್ವಾ?

ಸುರಂಗದ ಒಳಗಿನ ಕೆಲಸವೂ ಒಂಥರಾ ವಿಚಿತ್ರ. ಒಬ್ಬ ಆಳು ನುಗ್ಗುವಷ್ಟೇ ಅಗಲ. ಕೈಯಲ್ಲೊಂದು ದೀಪ, ಅದು ಮಂಕಾಯಿತೋ, ಒಳಗೆ ಉಸಿರಾಡುವ ಗಾಳಿ ಸಾಲದು ಅಂತ ಅರ್ಥ, ಹೊರಗೆ ಓಡಬೇಕು. ನೆಲ ಬಾಯಿಯ ಕಡೆಗೆ ಚೂರು ಇಳಿಜಾರಾಗಿರಬೇಕು. ಹಾಗಿದ್ದರೆ ಒಸರಿದ ನೀರು ತಾನಾಗಿ ಹರಿದು ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ.

ಹರಿದು ಬರುವ ನೀರು ಅಂದಾಗ ನಮ್ಮ ಅಜ್ಜನ ಮನೆ ನೆನಪಾಯಿತು. ಅಡಿಕೆ ಮರ ಸೀಳಿದ ದಂಬೆಯಲ್ಲಿ ಗುಡ್ಡದಿಂದ ಬಚ್ಚಲಿನವರೆಗೆ ನೀರು, ಹಗಲೂ ರಾತ್ರಿಯೂ. ಸಣ್ಣವರಿಗೆ ಅದಕ್ಕೆ ಬಾಯಿ ಕೊಟ್ಟು ಕುಡಿಯುವುದೇ ಒಂದು ಆಟ. ಬೇಸಿಗೆಯಲ್ಲಿ ಹರಿವು ಸಪೂರವಾದರೆ ಅಜ್ಜಿ ಬಟ್ಟೆ ಒಗೆಯುವುದನ್ನೂ ಕಮ್ಮಿ ಮಾಡುತ್ತಿದ್ದರು. ಗುಡ್ಡ ಕೊಟ್ಟಷ್ಟರಲ್ಲೇ ಮನೆ ನಡೆಯಬೇಕಿತ್ತು.

ಈಗ ಹಾಗಲ್ಲವಲ್ಲ. ಬೋರ್‌ವೆಲ್ಲಿನಲ್ಲಿ ನೀರು ಸಾಲದಿದ್ದರೆ ಇನ್ನೂ ನೂರು ಅಡಿ ಆಳಕ್ಕೆ ಇಳಿಯುವುದು. ಸುರಂಗಕ್ಕೆ ಆ ದುರಾಸೆ ಗೊತ್ತಿಲ್ಲ. ಮಳೆ ನೀರು ಗುಡ್ಡದಲ್ಲಿ ಇಂಗಿದರೆ ಮಾತ್ರ ಅದಕ್ಕೆ ಬದುಕು. ಕಾಸರಗೋಡು, ಬಾಯಾರು ಕಡೆಯ ಹಳಬರಿಗೆ ಇದು ಬಾಯಿಪಾಠ. ಶ್ರೀ ಪಡ್ರೆಯವರಂಥ ಜಲಪತ್ರಕರ್ತರು ಬರೆದು ಬರೆದು ನಮಗೂ ತಿಳಿಸಿಕೊಟ್ಟರು.

ನಾಯ್ಕರು ಊರಿಗೆ ಏನು ಮಾಡಿದರು, ತಮ್ಮ ತೋಟ ತಾವು ಮಾಡಿಕೊಂಡರು ಅಷ್ಟೆ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಅವರು ಗುಡ್ಡದಲ್ಲಿ ಮುರಕಲ್ಲು ಹೊತ್ತು ಕಟ್ಟಿದ ಕಟ್ಟೆಗಳು, ಮುನ್ನೂರಕ್ಕೂ ಮಿಕ್ಕಿದ ಅಡಿಕೆ ಮರಗಳು ಭಾಷಣವಿಲ್ಲದೆ ಪಾಠ ಹೇಳುತ್ತವೆ. ಕೈಯಲ್ಲಿ ಕಾಸಿಲ್ಲದ ರೈತ ಅಲ್ಲಿ ಹೋಗಿ ನಿಂತರೆ, ಸಾಲ ಮಾಡದೆಯೂ ನೀರು ತರಬಹುದು ಅಂತ ಕಣ್ಣಾರೆ ಕಾಣುತ್ತದೆ. ರೈತನಿಗೆ ಆ ಧೈರ್ಯ ಕೊಡುವುದಕ್ಕಿಂತ ದೊಡ್ಡ ಸೇವೆ ಬೇರೆ ಯಾವುದು ಹೇಳಿ? ನಮ್ಮ ಮಕ್ಕಳನ್ನೂ ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕು, ಅಲ್ವಾ?