ಅಜ್ಞಾತಫೈಲುಪರೀಕ್ಷಾಪ್ರಕರಣ

ಶೀರ್ಷಿಕೆಯ ಸಮಾಸವು ಅರಿಸಮಾಸವೆಂಬುದನ್ನು ಈ ಲೇಖಕನು ಬಲ್ಲನು. ಆದರೆ ‘ಫೈಲು’ ಎಂಬುದನ್ನು ಬಿಟ್ಟು ‘ಕಡತ’ವೆಂದು ಬರೆದೊಡನೆ ಓದುಗರ ಚಿತ್ತವು ಸರ್ಕಾರಿ ಕಪಾಟುಗಳತ್ತ ಹರಿಯುವುದು ನಿಶ್ಚಯವಾದುದರಿಂದ, ವ್ಯಾಕರಣದ ಈ ದೋಷವನ್ನು ಅರ್ಥದ ಗುಣಕ್ಕಾಗಿ ಸಹಿಸಿಕೊಳ್ಳಬೇಕೆಂದು ವೈಯಾಕರಣರಲ್ಲಿ ಪ್ರಾರ್ಥನೆ.

ಈ ವಿಚಾರಕ್ಕೆ ನಿಮಿತ್ತವಾದವನು ಕಮಲಾಪುರದಲ್ಲಿ ಝೆರಾಕ್ಸ್ ಅಂಗಡಿಯನ್ನಿಟ್ಟಿರುವ ನನ್ನ ಅಣ್ಣನ ಮಗ. ರೈತರ ಪಹಣಿ, ಹುಡುಗರ ಅರ್ಜಿ, ಮದುವೆಯ ಕರೆಯೋಲೆ ಇವೆಲ್ಲವನ್ನೂ ಒಂದೇ ಕಂಪ್ಯೂಟರಿನಿಂದ ಹೊರಡಿಸುವ ಆತನು ಒಂದು ಮುಂಜಾನೆ ಕಲಬುರಗಿಯಲ್ಲಿದ್ದ ನನಗೆ ಫೋನು ಮಾಡಿ, “ಕಾಕಾ, ಸಿಸ್ಟಮ್ 32ದಾಗ ಒಂದ್ ಹೊಸಾ ಫೈಲ್ ಬಂದು ಕುಂತದ. ಹೆಸರ ಓದಲಿಕ್ಕೇ ಬರಂಗಿಲ್ಲ, ಹಿಂದ ಡಾಟ್ ಇಎಕ್ಸ್‌ಇ ಅಂತ ಅದ. ತೆಗೀಲೇನ್ರಿ, ಬಿಡ್ಲೇನ್ರಿ?” ಎಂದು ಕೇಳಿದನು.

ಕಮಲಾಪುರದ ಪ್ರಶ್ನೆಗೆ ಸಮಾಧಾನವನ್ನು ದೂರದೇಶದಲ್ಲಿ ಅರಸುವುದು ನಮ್ಮ ನಾಡಿಗೆ ಶೋಭೆಯಲ್ಲ. ಕಲಬುರಗಿಯಿಂದ ಹೊರಟು ಕಮಲಾಪುರವನ್ನು ಹಾಯ್ದು ಹುಮನಾಬಾದಿನ ಮೇಲೆ ಸಾಗುವ ದಾರಿಯು ಯಾವ ಕಲ್ಯಾಣವನ್ನು ಮುಟ್ಟುವುದೋ, ಆ ಕಲ್ಯಾಣದಿಂದ 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಸೀಮೆಯ ಮರ್ತೂರಿನವನೆಂದು ನಾವು ಹೆಮ್ಮೆಪಡುವ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಅದರಂತೆ ವಿವಾದದಲ್ಲಿ ಪ್ರಮಾಣವಾಗತಕ್ಕವು ಲಿಖಿತ, ಭುಕ್ತಿ, ಸಾಕ್ಷಿ. ಈ ಮೂರೂ ದೊರೆಯದಿದ್ದಲ್ಲಿ ದಿವ್ಯವೆಂಬ ದೈವಪರೀಕ್ಷೆ. ಇಂದಿನ ಕಂಪ್ಯೂಟರ್ ಪಂಡಿತರು ಬೋಧಿಸುವುದು ಈ ನಾಲ್ಕನ್ನೇ. ಸಂಬಳ ಮಾತ್ರ ಹೆಚ್ಚು.

ಲಿಖಿತವೆಂದರೆ ಡಿಜಿಟಲ್ ಸಹಿ. ಫೈಲಿನ ಪ್ರಾಪರ್ಟೀಸ್ ತೆರೆದು ನೋಡಿದಲ್ಲಿ ಸಹಿಯೊಂದು ಕಂಡು, ಅದು ಊರ್ಜಿತವೂ ಆಗಿದ್ದರೆ, ಸಹಿ ಬಿದ್ದ ಮೇಲೆ ಅದರಲ್ಲಿ ಒಂದಕ್ಷರವೂ ತಿದ್ದಲ್ಪಟ್ಟಿಲ್ಲವೆಂದು ಸಿದ್ಧವಾಗುವುದು. ಸಹಿ ಕಾಣದ ಮಾತ್ರಕ್ಕೆ ಕಳ್ಳನೆನ್ನಲಾಗದು. ವಿಂಡೋಸಿನ ಎಷ್ಟೋ ಅಸಲು ಫೈಲುಗಳ ಸಹಿಯು ಅವುಗಳ ಮೈಮೇಲಿರದೆ ಪ್ರತ್ಯೇಕವಾದ ಕ್ಯಾಟಲಾಗಿನಲ್ಲಿ ಅಡಗಿರುವುದು. ಸಹಿಯಿದ್ದ ಮಾತ್ರಕ್ಕೆ ಸಜ್ಜನನೆನ್ನಲೂ ಆಗದು. 2010ರಲ್ಲಿ ಬಯಲಿಗೆ ಬಂದ, ಇರಾನಿನ ನತಾಂಜಿನ ಅಣುಯಂತ್ರಗಳನ್ನು ಕೆಡಿಸಿದ ಸ್ಟಕ್ಸ್‌ನೆಟ್ಟಿನ ಡ್ರೈವರುಗಳ ಮೇಲೆ ತೈವಾನಿನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಸಹಿಯೇ ಇದ್ದಿತು. ಮುದ್ರೆ ಅಸಲಿನದು, ಒತ್ತಿದ ಕೈ ಕಳ್ಳನದು.

ಭುಕ್ತಿಯ, ಎಂದರೆ ನೆಲೆಸಿ ಅನುಭವಿಸುವುದರ, ವಿಚಾರವು ಕಲಬುರಗಿಯವರಿಗೆ ಸಹಜವಾಗಿಯೇ ತಿಳಿದಿರುವುದು. ಅಪರಿಚಿತನೊಬ್ಬನು ಕಟ್ಟೆಯ ಮೇಲೆ ಬಂದು ಕುಳಿತರೆ “ಯಾ ಊರಪಾ? ಯಾರ ಪೈಕಿ?” ಎಂದು ಕೇಳದೆ ನಮ್ಮವರು ಚಹಾ ಕೂಡ ಕುಡಿಸರು. ಫೈಲಿಗೂ ಕೇಳತಕ್ಕವು ಇವೇ ಎರಡು. ಎಸ್‌ವಿಸಿಹೋಸ್ಟ್ ಎಂಬ ಫೈಲಿನ ಊರು ವಿಂಡೋಸಿನ ಸ್ವಂತ ಫೋಲ್ಡರಾದ ಸಿಸ್ಟಮ್ 32. ಅದು ಸರ್ವಿಸಸ್ ಎಂಬುದರ ಪೈಕಿ. ಒಂದೇ ಸಮಯದಲ್ಲಿ ಅದರ ಹತ್ತಾರು ಪ್ರತಿಗಳು ಓಡುತ್ತಿರುವುದು ಅದರ ಕುಲಧರ್ಮವಾದುದರಿಂದ ಆ ಸಂತಾನವೃದ್ಧಿಯನ್ನು ಕಂಡು ಗಾಬರಿಗೊಳ್ಳಬೇಕಿಲ್ಲ. ಆದರೆ ಅದೇ ಹೆಸರಿನವನು ಡೌನ್‌ಲೋಡ್ಸಿನಲ್ಲಿ ಬಿಡಾರ ಹೂಡಿದ್ದರೆ, ಅಥವಾ ಹೆಸರಿನ ‘ವಿ’ಯೂ ‘ಸಿ’ಯೂ ಸ್ಥಾನಪಲ್ಲಟ ಮಾಡಿಕೊಂಡಿದ್ದರೆ, ಅವನು ಬಹುರೂಪಿ. ಕೆಂಪು ಸಿಪ್ಪೆಯನ್ನು ಕಂಡೊಡನೆ ಕಮಲಾಪುರದ ಬಾಳೆಯೆಂದು ಬಗೆದು ಕೊಳ್ಳುವವನೂ ಹೆಸರನ್ನು ಕಂಡೊಡನೆ ಫೈಲನ್ನು ನಂಬುವವನೂ ಒಂದೇ ಪಂಕ್ತಿಯವರು; ನಮ್ಮ ಬಾಳೆಗೆ ಭೌಗೋಳಿಕ ಸೂಚಕದ ಮನ್ನಣೆ ಇರುವುದು ಅದು ಬೆಳೆದ ಮಣ್ಣಿನ ಹೆಸರಿಗೆ, ಬಣ್ಣಕ್ಕಲ್ಲ. ಇನ್ನು, ಸಿಸ್ಟಮ್ 32ರಲ್ಲಿಯೇ ನೆಲೆಸಿರುವನೆಂಬುದೂ ಪೂರ್ಣಪ್ರಮಾಣವಲ್ಲ. ಒಡೆಯನು ಕಂಡೂ ಸುಮ್ಮನಿರಲು ಪರನು 20 ವರ್ಷ ಭೂಮಿಯನ್ನು ಅನುಭವಿಸಿದರೆ ಹಾನಿಯೆಂದು ಸ್ಮೃತಿಯು ಹೇಳಿದಲ್ಲಿ, ಆ ಹಾನಿಯು ಫಲಕ್ಕೇ ಹೊರತು ಒಡೆತನಕ್ಕಲ್ಲವೆಂದು ನಮ್ಮ ವಿಜ್ಞಾನೇಶ್ವರನು ತೀರ್ಮಾನಿಸಿರುವನು. ಬಹುಕಾಲ ಕುಳಿತ ಕಳ್ಳನು ಮನೆಯವನಾಗನು.

ಸಾಕ್ಷಿಗಳು ಮೂವರಿಗೆ ಕಡಿಮೆಯಿರಬಾರದೆಂದು ಸ್ಮೃತಿ. 2004ರಲ್ಲಿ ಸ್ಪೇನಿನಲ್ಲಿ ಹುಟ್ಟಿ 2012ರಲ್ಲಿ ಗೂಗಲಿನ ವಶವಾದ ವೈರಸ್‌ಟೋಟಲ್ ಎಂಬ ನ್ಯಾಯಸಭೆಯಲ್ಲಿ ಸುಮಾರು ಎಪ್ಪತ್ತು ಆಂಟಿವೈರಸ್ ಸಾಕ್ಷಿಗಳು ಒಮ್ಮೆಗೇ ನುಡಿಯುತ್ತಾರೆ. (ಫೈಲನ್ನೇ ಅಲ್ಲಿಗೆ ಕಳುಹಿಸಿದರೆ ಅದು ಪರರ ಕೈಗೂ ಸಿಕ್ಕೀತು, ಗಿರಾಕಿಯ ಪಹಣಿ, ಆಧಾರುಗಳನ್ನು ಹೀಗೆ ಒಪ್ಪಿಸುವುದು ಸಲ್ಲದು. ಫೈಲಿನ ಹೆಬ್ಬೆಟ್ಟಿನ ಗುರುತಿನಂತಿರುವ 64 ಅಕ್ಷರಗಳ ಹ್ಯಾಷ್ ಒಂದನ್ನೇ ಕೊಟ್ಟು ಕೇಳಬಹುದು.) ಸಾಕ್ಷಿಗಳಲ್ಲಿ ದ್ವೈಧ ಬಂದರೆ ಬಹುಜನರ ಮಾತು, ಸಮಸಂಖ್ಯೆಯಾದರೆ ಗುಣವಂತರ ಮಾತು ಗ್ರಾಹ್ಯವೆಂಬ ವಿಧಿಯೇನೋ ಇದೆ, ಆದರೆ ನಿನ್ನೆ ಹುಟ್ಟಿದ ವೈರಸ್ಸನ್ನು ಎಪ್ಪತ್ತು ಮಂದಿಯೂ ಅರಿಯದಿರಬಹುದು. ಇದಕ್ಕಿಂತ ಕೇಡಾದುದು ಬಂಧುಮಿತ್ರರ ಸಾಕ್ಷ್ಯ. 2002ರಲ್ಲಿ, ಕರಡಿಮರಿಯ ಚಿತ್ರವುಳ್ಳ ಫೈಲೊಂದು ಮಹಾವೈರಸ್ಸೆಂದೂ, ಕಂಡಲ್ಲಿ ಅಳಿಸಿ ಪರಿಚಿತರೆಲ್ಲರಿಗೂ ತಿಳಿಸಬೇಕೆಂದೂ ಈಮೇಲು ಲೋಕವನ್ನೆಲ್ಲ ಸುತ್ತಿತು; ಜನರು ಭಕ್ತಿಯಿಂದ ಅಳಿಸಿದರು. ಅದು ವಿಂಡೋಸಿನೊಡನೆಯೇ ಬಂದಿದ್ದ ನಿರಪರಾಧಿಯಾದ ಫೈಲು. ಅಪರಿಚಿತನನ್ನು ಅಳಿಸಿದ್ದು ಹಾಗಾದರೆ ಪರಿಚಿತನನ್ನು ನಂಬಿದ ಫಲವನ್ನು 2024ರ ಜುಲೈ 19ರಂದು ಕಂಡೆವು: ಕಾವಲಿಗೆಂದೇ ಇಟ್ಟುಕೊಂಡಿದ್ದ ಕ್ರೌಡ್‌ಸ್ಟ್ರೈಕಿನ ಒಂದು ದೋಷಯುಕ್ತ ಫೈಲಿನಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಮುಖ ಮಾಡಿಕೊಂಡು ಕುಳಿತವು.

ನಮ್ಮ ಪ್ರಕೃತ ಫೈಲಿಗೆ ಲಿಖಿತವಿರಲಿಲ್ಲ, ಭುಕ್ತಿಯಿತ್ತು, ಸಾಕ್ಷಿಗಳಲ್ಲಿ ಮೂವರು ಕಳ್ಳನೆಂದರು, ಉಳಿದವರು ಮೌನ. ಉಳಿದದ್ದು ದಿವ್ಯವೊಂದೇ. ಕೈಯಲ್ಲಿ ಏಳು ಅಶ್ವತ್ಥದೆಲೆಗಳನ್ನಿಟ್ಟು ಕಾದ ಕಬ್ಬಿಣವನ್ನು ಹೊರಿಸುವ ಅಗ್ನಿದಿವ್ಯಕ್ಕೆ ಸಂವಾದಿಯಾಗಿ ಇಂದು ಸ್ಯಾಂಡ್‌ಬಾಕ್ಸ್ ಎಂಬುದುಂಟು: ಕಂಪ್ಯೂಟರಿನೊಳಗೊಂದು ಮಾಯಾಕಂಪ್ಯೂಟರನ್ನು ಕಟ್ಟಿ, ಬಾಗಿಲಿಕ್ಕಿ, ಒಳಗೆ ಫೈಲನ್ನು ಓಡಿಸಿ ಅದರ ಚೇಷ್ಟೆಯನ್ನು ನೋಡುವುದು. ಧೂರ್ತಫೈಲುಗಳು ತಾವು ಪರೀಕ್ಷೆಯಲ್ಲಿರುವೆವೆಂದು ವಾಸನೆ ಹಿಡಿದು ಅಲ್ಲಿ ಸಾಧುಗಳಂತೆ ನಿದ್ರಿಸುವುದೂ ಉಂಟು. ಅದಕ್ಕಾಗಿಯೇ ಕೋಶದಿವ್ಯವು ಶ್ರೇಷ್ಠವೆಂದು ನನ್ನ ಮತ: ಉಗ್ರದೇವತೆಯ ಸ್ನಾನಜಲವನ್ನು ಕುಡಿಸಿ, 14 ದಿನಗಳೊಳಗೆ ಘೋರವ್ಯಸನವೊಂದು ಬರದಿದ್ದಲ್ಲಿ ಶುದ್ಧನೆನ್ನುವುದು.

ಇಷ್ಟನ್ನೂ ಸಾವಕಾಶವಾಗಿ ಫೋನಿನಲ್ಲಿ ನಿರೂಪಿಸಿ, ಮಾಯಾಕಂಪ್ಯೂಟರನ್ನು ಕಟ್ಟುವ ಕ್ರಮಕ್ಕೆ ನಾನು ಬರುವಷ್ಟರಲ್ಲಿ ಆ ಕಡೆಯಿಂದ, “ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮಗ ಫೋನ್ ಹಚ್ಚೂಕಿಂತ ಮೊದಲೇ ಎರಡ್ ಸಲ ಒತ್ತಿ ನೋಡೀನ್ರಿ. ಏನೂ ಆಗಿಲ್ಲ” ಎಂದು ಕೇಳಿಬಂದಿತು.

ಇಂದಿಗೆ ಒಂಬತ್ತನೆಯ ದಿನ. ಕಮಲಾಪುರಕ್ಕೆ ಪಹಣಿ ತೆಗೆಸಲು ಹೋಗುವ ಮಹನೀಯರು ಇನ್ನೈದು ದಿನ ತಮ್ಮ ಪೆನ್‌ಡ್ರೈವುಗಳನ್ನು ದಯವಿಟ್ಟು ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು.